ಯಾರೂ ಕದಿಯದ ಮೌನ

"ಮತ್ತೊಂದ್ಸಲ ಹಾಕಪ್ಪ," ಎಂದರು ವಿಮೆಯಮ್ಮ.

"ಏನನ್ನ ಮೇಡಂ?"

"ಅದೇ, ಏನೂ ಇಲ್ಲದ್ದನ್ನ."

ಕಿವಿ ನಿಟ್ಟುಸಿರು ಬಿಟ್ಟು ಗುಂಡಿ ಒತ್ತಿದ. ಗೋಡೆಗೆ ತೂಗುಹಾಕಿದ್ದ ಎರಡು ದೊಡ್ಡ ಸ್ಪೀಕರುಗಳಿಂದ ಏನೂ ಬರಲಿಲ್ಲ. ಬಹಳ ಸ್ಪಷ್ಟವಾಗಿ, ಬಹಳ ದುಬಾರಿ ಉಪಕರಣಗಳ ಮೂಲಕ, ಏನೂ ಬರಲಿಲ್ಲ.

ಕಿವಿ ಎಂದರೆ ಈ ಸ್ಟುಡಿಯೋದ ಸೌಂಡ್ ಇಂಜಿನಿಯರ್. ಪಕ್ಕದ ಕೋಣೆಯಲ್ಲಿ ಯಾರಾದರೂ ಮನಸ್ಸು ಬದಲಾಯಿಸಿದರೂ ಅವನಿಗೆ ಕೇಳಿಸುತ್ತದೆ ಎಂಬ ಖ್ಯಾತಿಯಿಂದ ಅಂಟಿಕೊಂಡ ಹೆಸರು. ವಿಮೆಯಮ್ಮನವರ ಹೆಸರು ಬಂದದ್ದು ಅವರ ಹಳೆಯ ನೌಕರಿಯಿಂದ. ವಿಮೆ ಕಂಪನಿಯ ಪರವಾಗಿ ಸುಟ್ಟ ಗೋಡೌನು, ಮುಳುಗಿದ ದೋಣಿ, ತಾನಾಗಿಯೇ ಕಳುವಾದ ಒಡವೆಗಳನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸ. ನಿವೃತ್ತಿಯಾದ ಮೇಲೂ ಅನುಮಾನಪಡುವ ಚಟ ಹೋಗಲಿಲ್ಲವಾಗಿ ಪತ್ತೇದಾರಿಕೆಗೆ ಇಳಿದಿದ್ದರು. ಸಂಗೀತ ಮಾತ್ರ ಅವರ ಹಣೆಯಲ್ಲಿ ಬರೆದಿರಲಿಲ್ಲ. ಜೋಗುಳಕ್ಕೂ ಲಾರಿಯ ಹಾರನ್ನಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಾಗುತ್ತಿದ್ದುದು ಲಾರಿ ಕಣ್ಣಿಗೆ ಬಿದ್ದ ಮೇಲೆಯೇ.

ಹೊರಗಿನ ಓಣಿಯಲ್ಲಿ ಹೆಜ್ಜೆಗಳ ಸದ್ದು. ಹಾಡುಗಳಿಗೆ ಸಂಗೀತ ಕೊಟ್ಟ ಮೇಷ್ಟ್ರು ಬೆಳಗ್ಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದರು. ಫೋನಿನಲ್ಲಿ ಆಲ್ಬಮ್ ಕಂಪನಿಯವರನ್ನು ಒಮ್ಮೆ ಬೇಡಿಕೊಂಡು, ಒಮ್ಮೆ ಬೈದು, ಮತ್ತೆ ಬೇಡಿಕೊಳ್ಳುತ್ತಿದ್ದರು.

ಬೇಡಿಕೊಳ್ಳದೆ ಗತಿ ಇರಲಿಲ್ಲ. ಸೋಮವಾರ ಯಂತ್ರ ತೆರೆದಾಗ, ಸಿಳ್ಳೆ ಎಂದೇ ಹೆಸರಾದ ಹುಡುಗಿಯ ಮೊಟ್ಟಮೊದಲ ಆಲ್ಬಮ್ಮಿನ ಎಲ್ಲ ಹಾಡುಗಳಿಂದಲೂ ಅವಳ ದನಿ ಮಾತ್ರ ಮಾಯವಾಗಿತ್ತು. ಗಿಟಾರು, ಡ್ರಮ್ಮು, ಕೀಬೋರ್ಡು ಮದುಮಗಳಿಲ್ಲದ ದಿಬ್ಬಣದ ಹಾಗೆ ಇದ್ದಲ್ಲೇ ಇದ್ದವು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಇನ್ನೊಂದು ಪ್ರತಿಯ ಡಿಸ್ಕೂ ಇರಲಿಲ್ಲ.

ಬೇರೆ ಗಾಯಕಿಯಾಗಿದ್ದರೆ ಮತ್ತೆ ನಿಂತು ಹಾಡುತ್ತಿದ್ದಳು. ಸಿಳ್ಳೆಗೆ ಹಿಂದಿನ ವಾರವಷ್ಟೇ ಗಂಟಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಮೇಷ್ಟ್ರೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಕೊರಳಿಗೆ ಸ್ಕಾರ್ಫು ಸುತ್ತಿಸಿ ವಾಪಸು ಕರೆತಂದು, ಡಾಕ್ಟರ ಅಪ್ಪಣೆಯನ್ನು ಎಲ್ಲರಿಗೂ ತಿಳಿಸಿದ್ದರು: ತಿಂಗಳುಗಟ್ಟಲೆ ಹಾಡುವಂತಿಲ್ಲ, ಮಾತಾಡುವಂತಿಲ್ಲ, ಪಿಸುಗುಟ್ಟುವುದೂ ಕೂಡದು. ಕಂಪನಿಯವರು ಅಷ್ಟು ಕಾಯುವ ಜನವಲ್ಲ. ನಾಳೆ ಸಂಜೆಯೊಳಗೆ ದನಿ ಸಿಗದಿದ್ದರೆ ಇವೇ ಹಾಡುಗಳನ್ನು ಇನ್ನೊಬ್ಬ ಹುಡುಗಿ ಹಾಡುತ್ತಾಳೆ, ಪೋಸ್ಟರಿನಲ್ಲಿ ಇನ್ನೊಂದು ಮುಖ ಬರುತ್ತದೆ.

ಆ ಹಾಡುಗಳಿಗಾಗಿ ಕಾಲೇಜು ಬಿಟ್ಟ ಹುಡುಗಿ ಈಗ ಯಂತ್ರದ ಕೋಣೆಯ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು, ಸ್ಕಾರ್ಫಿನ ಅಂಚಿನ ದಾರಗಳನ್ನು ಒಂದೊಂದಾಗಿ ಹಿರಿಯುತ್ತಿದ್ದಳು.

"ಇದರಲ್ಲಿ ಏನ್ ಸಿಗುತ್ತೆ ಅಂತ ಮೇಡಂ?" ಎಂದ ಕಿವಿ. "ಇದು ಬರೀ ಕೋಣೆಯ ಮೌನ. ಪ್ರತಿ ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಎಲ್ಲರನ್ನೂ ಕಲ್ಲಿನ ಹಾಗೆ ನಿಲ್ಲಿಸಿ ರೆಕಾರ್ಡ್ ಮಾಡ್ಕೋತೀವಿ."

"ಯಾಕೆ? ಪುಣ್ಯ ಬರುತ್ತಾ?"

"ಹಾಡಿನ ಮಧ್ಯೆ ಕೆಮ್ಮು ಗಿಮ್ಮು ಬಂದ್ರೆ ಕತ್ತರಿಸ್ತೀವಲ್ಲ, ಅಲ್ಲೊಂದು ತೂತಾಗುತ್ತೆ. ಆ ತೂತಿಗೆ ಅದೇ ಕೋಣೆಯ ಮೌನದ ತೇಪೆ ಹಾಕ್ಬೇಕು. ಬೇರೆ ಕೋಣೆಯ ಮೌನ ಹಾಕಿದ್ರೆ ಗೊತ್ತಾಗಿಬಿಡುತ್ತೆ."

"ನೋಡಿದ್ಯಾ? ಮೌನಕ್ಕೂ ಊರು ಮನೆ ಇದೆ. ಕಳ್ಳ ದನಿಯನ್ನೆಲ್ಲ ಒರೆಸ್ಕೊಂಡು ಹೋದ, ಮೌನ ಮುಟ್ಟಲಿಲ್ಲ. ಇದರಿಂದ ಏನಾದೀತು ಅಂತ ನಿನ್ನ ಹಾಗೇ ಅಂದ್ಕೊಂಡಿರ್ತಾನೆ."

ಕಿವಿಗೆ ಕಳ್ಳನ ಜೊತೆ ತನ್ನನ್ನು ಸೇರಿಸಿದ್ದು ಹಿಡಿಸಲಿಲ್ಲ. ಹಿಡಿಸದಿರಲು ಕಾರಣವೂ ಇತ್ತು. ಈ ಯಂತ್ರದ ಪಾಸ್‌ವರ್ಡು ತನಗೆ ಬಿಟ್ಟರೆ ದೇವರಿಗೂ ಗೊತ್ತಿಲ್ಲ ಎಂದು ಮೊದಲ ದಿನವೇ ಎದೆ ತಟ್ಟಿ ಹೇಳಿದವನು ಅವನೇ. ಹೇಳಿ ಮುಗಿಸಿದ ಮೇಲೆ ಅದರ ಅರ್ಥ ಹೊಳೆದು ಬೆವರಿದವನೂ ಅವನೇ.

"ಸುಟ್ಟ ಅಂಗಡೀಲಿ ಸುಟ್ಟಿದ್ದನ್ನ ಎಲ್ಲರೂ ನೋಡ್ತಾರಪ್ಪ," ಎಂದರು ವಿಮೆಯಮ್ಮ. "ನಾನು ಸುಡದೆ ಉಳಿದಿದ್ದನ್ನ ನೋಡ್ತಿದ್ದೆ. ಒಬ್ಬ ಬಟ್ಟೆ ವ್ಯಾಪಾರಿ, ಬೆಂಕಿಯೊಳಗೆ ನುಗ್ಗಿ ಬಂದೆ, ಸರ್ವನಾಶ ಆಯ್ತು ಅಂತ ಎದೆ ಬಡ್ಕೊಂಡು ಅಳ್ತಿದ್ದ. ಎರಡೂ ಕೈಗೆ ಬ್ಯಾಂಡೇಜು. ಎಲ್ಲರೂ ಬ್ಯಾಂಡೇಜು ನೋಡಿದ್ರು. ನಾನು ಅವನ ಹುಬ್ಬು ನೋಡ್ದೆ. ಒಂದು ಕೂದಲೂ ಸೀದಿರಲಿಲ್ಲ."

"ಆಮೇಲೆ?"

"ಆಮೇಲೆ ಅವನು ಅಳೋದು ನಿಲ್ಲಿಸ್ದ. ಮುಂದಿನದು ಹಾಕು."

ಪ್ರತಿ ಮೌನದ ಆರಂಭದಲ್ಲೂ ಕಿವಿಯದೇ ದನಿ ಇರುತ್ತಿತ್ತು. "ಮೂರನೇ ಹಾಡು, ಮೌನ. ಯಾರೂ ಅಲುಗಾಡಬೇಡಿ." ನಂತರ ಕೋಣೆಯ ಸಣ್ಣ ಗುಂಯ್‌ಗುಡುವಿಕೆ. ಒಂದರಲ್ಲಿ ಯಾರದೋ ಹೊಟ್ಟೆ ಗುಡುಗಿತು. ಸಿಳ್ಳೆ ನಾಚಿ ಮುಖ ಮುಚ್ಚಿಕೊಂಡಳು. ಹಾಡುವ ಮೊದಲು ಅವಳು ಊಟ ಮಾಡುತ್ತಿರಲಿಲ್ಲ. ಇನ್ನೊಂದರಲ್ಲಿ ಯಾರೋ ಸೀನನ್ನು ಬಹಳ ಕಷ್ಟಪಟ್ಟು ನುಂಗಿದರು.

ಆಲ್ಬಮ್ಮಿನ ಮುಖ್ಯ ಹಾಡು ನಿಧಾನದ್ದು, ಕಿಟಕಿಯಲ್ಲಿ ಕೂತ ಹುಡುಗಿಯೊಬ್ಬಳ ಹಾಡು. ಎಲ್ಲರೂ ಅದನ್ನು ಕಿಟಕಿ ಹಾಡು ಎನ್ನುತ್ತಿದ್ದರು. ಅದರ ಮೌನ ಬಂತು.

ವಿಮೆಯಮ್ಮ ಕೈ ಎತ್ತಿದರು. "ಇದಕ್ಕೆ ನಿನ್ನ ಘೋಷಣೆ ಇಲ್ವಲ್ಲ?"

"ಅದು... ಮರೆತಿರ್ಬೇಕು."

"ಬೇರೆ ಯಾವುದಕ್ಕೂ ಮರೆತಿಲ್ಲ."

ಕಿವಿ ಸ್ಪೀಕರಿನ ಕಡೆ ಬಾಗಿದ. ಹಣೆ ಗಂಟಿಕ್ಕಿ ಕೇಳತೊಡಗಿದ. ಎಲ್ಲೋ ತೀರ ಆಳದಿಂದ, ನೊಣವೊಂದು ಬಾಟಲಿಯಲ್ಲಿ ಸಿಕ್ಕಿಕೊಂಡ ಹಾಗೆ, ತೆಳ್ಳನೆಯ ಜುಯ್ಯೆನ್ನುವ ಸದ್ದು ಬರುತ್ತಿತ್ತು. ಕಿವಿಯ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಮೇಡಂ, ಇದು ನನ್ನ ಹಲ್ಲು!"

"ಏನು?"

"ಕೆಳಗಡೆ ದಂತವೈದ್ಯರಿದ್ದಾರಲ್ಲ, ಅವರ ಡ್ರಿಲ್ಲು. ಅದಕ್ಕೇ ನಾವು ಅವರ ಕ್ಲಿನಿಕ್ ಮುಚ್ಚಿರೋ ಹೊತ್ತಲ್ಲೇ ಹಾಡಿಸೋದು. ಕಿಟಕಿ ಹಾಡಿನ ದಿನ ಮಾತ್ರ, ರೆಕಾರ್ಡಿಂಗ್ ಮುಗಿದ ಮೇಲೆ ಹಲ್ಲುನೋವು ತಡೀಲಾರದೆ ಫೋನ್ ಮಾಡಿ ಕಾಡಿಬೇಡಿ ತೆರೆಸಿದ್ದೆ. ಆ ಹೊತ್ತಲ್ಲಿ ಅಲ್ಲಿ ನನ್ನದೊಂದೇ ಬಾಯಿ!" ಕಿವಿಯ ಮುಖದಲ್ಲಿ ವಾರದಿಂದ ಕಾಣದ ಕಳೆ ಬಂತು. ತನ್ನ ಹುಳುಕು ಹಲ್ಲಿನ ಸದ್ದು ಕೇಳಿ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ವಿಮೆಯಮ್ಮ ನೋಡಿರಲಿಲ್ಲ.

"ಅಂದ್ರೆ ನೀನು ಕೆಳಗೆ ಬಾಯಿ ತೆರಕೊಂಡು ಕೂತಿದ್ದಾಗ, ಇಲ್ಲಿ ಯಾರೋ ನಿನ್ನ ಕುರ್ಚೀಲಿ ಕೂತು ಈ ಯಂತ್ರ ಓಡಿಸಿದ್ದಾರೆ."

ಕಳೆ ಬಂದಷ್ಟೇ ಬೇಗ ಹೋಯಿತು. "ಪಾಸ್‌ವರ್ಡಿಲ್ದೆ ಆಗಲ್ಲ ಮೇಡಂ."

"ಅದನ್ನೇ ಹೇಳ್ತಿರೋದು, ಅದು ಇನ್ನೊಬ್ಬರಿಗೂ ಗೊತ್ತಿದೆ. ಮತ್ತೆ ಇದು ಮೌನದ ಜೊತೆ ಹೇಗೆ ಸೇರ್ತು?"

"ಮಾರನೇ ದಿನ ನೋಡ್ದಾಗ ಕಂಪ್ಯೂಟರ್ ಪರದೆ ಮೇಲೆ ಸದ್ದಿನ ಗೆರೆ ಸಪಾಟಾಗಿತ್ತು. ಹಾಡಿಲ್ಲ, ಮಾತಿಲ್ಲ. ನಾನೇ ತಗೊಂಡ ಮೌನ ಅಂದ್ಕೊಂಡು ಆ ಕಡೆ ಹಾಕ್ದೆ." ಅವನ ದನಿ ಇಳಿಯಿತು. "ಏನೂ ಇಲ್ಲದ್ದನ್ನ ಯಾರು ಕೇಳ್ತಾರೆ ಮೇಡಂ?"

"ಸಂಗೀತ ಬರದೋರು ಕೇಳ್ತಾರೆ. ಶ್ ಶ್."

ಟಕ್.

ಒಣಗಿದ ಕಡ್ಡಿ ಮುರಿದಂಥ ಸದ್ದು. ಅದರ ಬೆನ್ನಿಗೇ, ಕೂದಲೆಳೆಯಷ್ಟು ಸಣ್ಣಗೆ, ಒಂದೇ ಒಂದು ಸಿಳ್ಳೆ. ಮತ್ತೆ ಡ್ರಿಲ್ಲಿನ ಜುಯ್. ಮುಗಿಯಿತು.

ವಿಮೆಯಮ್ಮ ತಿರುಗಿ ನೋಡಿದರು. ಸೋಫಾದ ಮೂಲೆಯಲ್ಲಿ ದಾರ ಹಿರಿಯುವುದು ನಿಂತಿತ್ತು.

"ನೀನಾ ಮಗಳೇ, ಸಿಳ್ಳೆ ಹಾಕಿದ್ದು?"

ಹುಡುಗಿ ಸ್ಕಾರ್ಫಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ತುಟಿ ಚೂಪು ಮಾಡಿ ಎರಡು ಸಲ ಸಣ್ಣಗೆ ಊದಿದಳು.

ಎರಡು ಸಲ ಎಂದರೆ ಹೌದು. ಒಂದು ಸಲ ಎಂದರೆ ಬೇಡ, ನಿಲ್ಲು, ಇಲ್ಲ. ಅದು ಬಸ್ಸಿನ ಭಾಷೆ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಸೋದರಮಾವ ಜೀವಮಾನವಿಡೀ ಬಸ್ ಕಂಡಕ್ಟರಾಗಿದ್ದವರು. ಒಂದು ಸಿಳ್ಳೆಗೆ ಬಸ್ಸು ನಿಲ್ಲುತ್ತದೆ, ಎರಡಕ್ಕೆ ಹೊರಡುತ್ತದೆ. ಮಗು ಮಾತು ಕಲಿಯುವ ಮೊದಲೇ ಅದನ್ನು ಕಲಿತಿತ್ತು. ಹೆಸರು ಹಾಗೆ ಬಂತು, ಪೋಸ್ಟರಿನವರೆಗೂ ಹೋಯಿತು. ಮಾತಾಡಬೇಡ, ಪಿಸುಗುಟ್ಟಬೇಡ ಎಂದ ಡಾಕ್ಟರು ಸಿಳ್ಳೆ ಹಾಕುವ ಬಗ್ಗೆ ಏನೂ ಹೇಳಿರಲಿಲ್ಲವಂತೆ. ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

"ಯಾರಿಗೆ ನಿಲ್ಲು ಅಂದೆ?"

ಅವಳು ಮತ್ತೆ ದಾರ ಹಿರಿಯತೊಡಗಿದಳು.

"ಕಿವಿ, ಕೆಳಗೆ ಹೋಗಿ ಇವಳ ಮಾವನ್ನ ಕರ್ಕೊಂಡು ಬಾ."

"ಅವರು ಬರಲ್ಲ ಮೇಡಂ. ಮಂಡಿನೋವು. ಯಾವತ್ತೂ ಮೆಟ್ಟಿಲು ಹತ್ತೋದೇ ಇಲ್ಲ, ದಂತವೈದ್ಯರ ಬಾಗಿಲ ಮುಂದಿನ ಬೆಂಚಲ್ಲೇ ಕೂತಿರ್ತಾರೆ. ಕ್ಲಿನಿಕ್ ತೆರೆಯೋಕೆ ಮೊದಲೇ ಬರೋ ರೋಗಿಗಳು ಇವರನ್ನೂ ರೋಗಿ ಅಂತ ತಿಳಿದು, ನಿಮ್ಮದು ಯಾವ ಹಲ್ಲು ಅಂತ ಕೇಳ್ತಾರೆ."

"ಇವತ್ತು ಹತ್ತಲಿ."

ಮಾವ ಕಾಣುವುದಕ್ಕಿಂತ ಮೊದಲೇ ಕೇಳಿಸಿದರು. ಮೆಟ್ಟಿಲಿಗೊಂದು ಉಸ್ಸು, ಮೆಟ್ಟಿಲಿಗೊಂದು ಟಕ್. ಓಣಿಯಲ್ಲಿ ಮೇಷ್ಟ್ರಿಗೆ ನಮಸ್ಕಾರ ಹೇಳಿದ್ದೂ, ಫೋನಿನಲ್ಲಿದ್ದ ಮೇಷ್ಟ್ರು "ಹ್ಞೂಂ ಹ್ಞೂಂ" ಎಂದಿದ್ದೂ ಕೇಳಿಸಿತು. ಬಾಗಿಲು ತಳ್ಳಿಕೊಂಡು ಒಳಬಂದವರು ಚಪ್ಪಲಿ ಬಿಟ್ಟರು. ಬಾಗಿಲ ಹಿಂದಿದ್ದ ಸಣ್ಣ ಗೂಡಿಗೆ ಕಾಲಿನಿಂದಲೇ ಅವನ್ನು ಸರಿಸಿದರು. ಬಾಗಿಲು ಹಾಕುವುದನ್ನು ಮರೆತರು.

"ಏನ್ ಮೇಡಂ, ಸಿಕ್ತಾ?" ಕಣ್ಣಲ್ಲಿ ಆಸೆ. ಪತ್ತೆ ಮಾಡಿಕೊಡಿ ಎಂದು ವಿಮೆಯಮ್ಮನವರನ್ನು ಹುಡುಕಿಕೊಂಡು ಬಂದವರು ಇದೇ ಮಾವ.

"ಕೂತ್ಕೊಳಿ ಯಜಮಾನ್ರೇ. ಮೇಲೆ ಬಂದಿದ್ದು ಇದೇ ಮೊದಲಾ?"

"ಇದೇ ಮೊದಲು. ಅಬ್ಬಬ್ಬಾ, ಏನ್ ಮೆಟ್ಟಿಲು! ಸ್ವರ್ಗಕ್ಕೂ ಇಷ್ಟಿರಲ್ವೇನೋ."

"ಬಾಗಿಲ ಹಿಂದೆ ಚಪ್ಪಲಿ ಗೂಡಿರೋದು ಹೇಗೆ ಗೊತ್ತಾಯ್ತು? ನಾನು ಮೂರು ದಿನದಿಂದ ಬರ್ತಿದೀನಿ, ನನಗೆ ಇವತ್ತೇ ಕಂಡಿದ್ದು."

ಮಾವ ತಮ್ಮ ಬರಿಗಾಲನ್ನು ಯಾರೋ ಅಪರಿಚಿತರ ಕಾಲೆಂಬಂತೆ ನೋಡಿಕೊಂಡರು.

"ಎಲ್ಲ ಕಡೆ ಇರುತ್ತಲ್ಲ ಮೇಡಂ... ಅಂದಾಜಿನ ಮೇಲೆ..."

"ಕಿವಿ, ಹಾಕು."

ಜುಯ್. ಟಕ್.

"ಇದೇನು?" ಎಂದರು ಮಾವ.

"ನೀವೇ ಹೇಳಿ. ನಿನ್ನೆ ನಿಮ್ಮ ಮನೆಗೆ ಬಂದಾಗ ನನಗೆ ಕುರ್ಚಿ ಕೊಡೋಕೆ ಎದ್ರಲ್ಲ, ಆಗ ಕೇಳಿದ್ದೆ. ಈಗ ಮೆಟ್ಟಿಲ ಮೇಲೆ ಕೇಳ್ದೆ."

"ನನ್ನ ವಯಸ್ಸಿನವರಿಗೆಲ್ಲ ಮಂಡಿ ಸದ್ದು ಮಾಡುತ್ತೆ ತಾಯಿ. ಅದಕ್ಕೇನು ಹೆಸರು ಬರೆದಿರುತ್ತಾ?"

"ಸರಿ. ಇದಕ್ಕೆ?"

ಸಣ್ಣ ಸಿಳ್ಳೆ ಕೋಣೆಯನ್ನು ದಾಟಿ ಹೋಯಿತು. ಒಂದೇ ಒಂದು. ಮಾವನ ಬೆನ್ನು ತಾನಾಗಿ ನೆಟ್ಟಗಾಯಿತು, ಬಲಗೈ ಮೇಲೆದ್ದು ಗಾಳಿಯಲ್ಲಿ ಬಸ್ಸಿನ ಕಂಬಿಯನ್ನು ಹುಡುಕಿತು. ನಿವೃತ್ತಿ ಕಾಗದಕ್ಕಷ್ಟೇ ಆಗಿತ್ತು, ಕೈಗೆ ಆಗಿರಲಿಲ್ಲ.

"ಈ ಪ್ರಪಂಚದಲ್ಲಿ ಒಂದು ಸಿಳ್ಳೆ ಹಾಕಿ ನಿಲ್ಲು ಅಂದ್ರೆ ನಿಲ್ಲೋ ಮನುಷ್ಯ ಎಷ್ಟು ಜನ ಇದ್ದಾರೆ ಯಜಮಾನ್ರೇ?"

ಮಾವ ಸೋದರಸೊಸೆಯ ಕಡೆ ನೋಡಿದರು. ಅವಳು ನೋಡಲಿಲ್ಲ. ಮಾವ ಕೈ ಇಳಿಸಿ, ತೊಡೆಯ ಮೇಲಿಟ್ಟು, ಮಂಡಿಯನ್ನು ಬೈಯುವ ಹಾಗೆ ಒಮ್ಮೆ ಗುದ್ದಿದರು.

"ಹಾಳಾದ್ದು. ಬಸ್ಸಲ್ಲಿ ನಿಂತೂ ನಿಂತೂ ಸವೆದುಹೋಯ್ತು. ಈಗ ನನ್ನ ಮೇಲೇ ಸಾಕ್ಷಿ ಹೇಳುತ್ತೆ."

"ಯಾಕೆ ಬಂದಿದ್ರಿ?"

"ಹಾಡು ಕೇಳೋಕೆ." ಅವರಿಗೆ ಅದನ್ನು ಹೇಳಲು ಕಳ್ಳತನ ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು ನಾಚಿಕೆಯಾದಂತಿತ್ತು. "ಇವಳು ನನ್ನನ್ನ ಒಳಗೆ ಬಿಡ್ತಿರಲಿಲ್ಲ ಮೇಡಂ. ನಾನು ಕೇಳಿದ್ರೆ ಅಳ್ತೀನಂತೆ, ನಾನು ಅತ್ರೆ ಇವಳಿಗೆ ಹಾಡೋಕಾಗಲ್ವಂತೆ. ಹುಟ್ಟಿದಾಗಿಂದ ಕೇಳ್ದೋನು ನಾನು, ಕೊನೆಗೆ ಊರೆಲ್ಲ ಕೇಳಿದ ಮೇಲೆ ದುಡ್ಡು ಕೊಟ್ಟು ಕೇಳ್ಬೇಕಾ? ಟೀ ಕುಡಿಯೋಕೆ ಎಲ್ಲರೂ ಇಳಿದಾಗ ಹತ್ತಿ ಬಂದೆ. ಹಾಡೋ ಕೋಣೇಲಿ ಗೋಡೆಗೆಲ್ಲ ದಪ್ಪ ಪರದೆ ಇದೆಯಲ್ಲ, ಅದರ ಹಿಂದೆ ನಿಂತೆ."

"ಕೇಳಿದ್ರಾ?"

"ಕೇಳ್ದೆ." ಮಾವ ಮೂಗೊರೆಸಿಕೊಂಡರು. "ಅಳ್ಲಿಲ್ಲ. ಪರದೆ ಕಚ್ಕೊಂಡಿದ್ದೆ."

ಕಿವಿ ಕೆಮ್ಮಿದ. ಆ ಪರದೆಯನ್ನು ಒಗೆಸಿ ವರ್ಷವಾಗಿತ್ತು.

"ಆಮೇಲೆ ಹೊರಗೆ ಹೋಗೋಣ ಅಂದ್ರೆ ಇವಳು ಅಲ್ಲೇ ನಿಂತಿದ್ಲು. ಹಾಡು ಮುಗಿದಿತ್ತು, ಆದ್ರೂ ಮೈಕಿನ ಮುಂದೆ ನಿಂತೇ ಇದ್ಲು. ನನಗೆ ಮಂಡಿ ಹಿಡ್ಕೊಂಡುಬಿಡ್ತು. ಸ್ವಲ್ಪ ಬಗ್ಗಿಸ್ದೆ, ಅದು ಟಕ್ ಅಂದ್ಬಿಡ್ತು. ಇವಳು ತಿರುಗಿ ನೋಡಿದ್ಲು. ಪರದೆ ಕೆಳಗೆ ನನ್ನ ಪಾದ ಕಾಣ್ತಿತ್ತಲ್ಲ. ಸಿಳ್ಳೆ ಹಾಕಿದ್ಲು, ಅಲ್ಲೇ ನಿಲ್ಲು ಅಂತ. ನಿಂತೆ."

"ಅವಳಿಗೆ ನೀವಿರೋದು ಗೊತ್ತಾಯ್ತು. ಬೈಯಲಿಲ್ಲ. ಹೊರಗೆ ಕಳಿಸಲಿಲ್ಲ. ಕಾಣಿಸ್ಕೋಬೇಡ ಅಂತ ನಿಲ್ಲಿಸಿದ್ಲು. ಯಾರಿಗೆ ಕಾಣಿಸ್ಕೋಬಾರದಿತ್ತು?"

ಮಾವ ಬಾಗಿಲ ಕಡೆ ಕಣ್ಣು ಹಾಯಿಸಿದರು. ಓಣಿಯಲ್ಲಿ ಹೆಜ್ಜೆಗಳು ಹೋದವು, ಬಂದವು.

ವಿಮೆಯಮ್ಮ ಎದ್ದು, ಎರಡು ಕೋಣೆಗಳ ನಡುವಿನ ದೊಡ್ಡ ಗಾಜಿನ ಹತ್ತಿರ ಹೋದರು. ಆ ಕಡೆ ಹಾಡುವ ಕೋಣೆ: ಒಂದು ಮೈಕು, ಒಂದು ಎತ್ತರದ ಸ್ಟೂಲು, ಮೂರು ಗೋಡೆಗೆ ಕಂದು ಪರದೆ. ಈ ಕಡೆ, ಯಂತ್ರದ ಮುಂದೆ, ಕಿವಿಯ ತಿರುಗುಕುರ್ಚಿ.

"ಪರದೆ ಸಂದಿಯಿಂದ ಈ ಕುರ್ಚಿ ಚೆನ್ನಾಗಿ ಕಾಣುತ್ತೆ. ನಾನು ಬೆಳಿಗ್ಗೆ ನಿಂತು ನೋಡ್ದೆ. ಆ ಹೊತ್ತಲ್ಲಿ ಕಿವಿ ಕೆಳಗೆ ಹಲ್ಲು ಕೊರೆಸ್ಕೊಳ್ತಿದ್ದ. ಹಾಗಾದ್ರೆ ಈ ಕುರ್ಚೀಲಿ ಕೂತಿದ್ದವರು ಯಾರು?"

"ನನಗೆ ಸರಿಯಾಗಿ..."

"ಯಜಮಾನ್ರೇ, ಟಿಕೆಟ್ ತಗೊಳ್ದೆ ನಿದ್ದೆ ನಟಿಸೋ ಪ್ರಯಾಣಿಕರನ್ನ ನೀವೂ ನೋಡಿದೀರಿ, ನಾನೂ ನೋಡಿದೀನಿ. ನಾಳೆ ಸಂಜೆ ಈ ಹುಡುಗಿಯ ಹಾಡನ್ನ ಇನ್ನೊಬ್ಬಳು ಹಾಡ್ತಾಳೆ. ಇವಳಿಗೆ ಮತ್ತೆ ದನಿ ಬರೋ ಹೊತ್ತಿಗೆ ಇವಳ ಹೆಸರು ಯಾರಿಗೂ ನೆನಪಿರಲ್ಲ. ನನ್ನನ್ನ ಕರೆಸಿದ್ದು ನೀವು. ಯಾಕೆ ಕರೆಸಿದ್ರಿ?"

ಮಾವ ದನಿ ತಗ್ಗಿಸಿದರು. "ನಾನು ಹೇಳಿದ್ದು ಅಂತ ಆಗ್ಬಾರ್ದು, ಆದ್ರೆ ಗೊತ್ತಾಗ್ಬೇಕು, ಅಂತ ಕರೆಸ್ದೆ ಮೇಡಂ. ನೀವಾಗೇ ಹುಡುಕ್ತೀರಿ ಅಂತ."

"ಹುಡುಕಿದೀನಿ. ನಿಮ್ಮ ತನಕ ಬಂದಿದೀನಿ. ಇನ್ನೊಂದು ಹೆಜ್ಜೆ ನೀವು ಇಡಿ."

ಮಾವ ಎದ್ದು ನಿಂತರು. ಟಕ್. "ಆ ಕುರ್ಚೀಲಿ ಕೂತಿದ್ದವರು..."

ಸೋಫಾದಿಂದ ಸಿಳ್ಳೆ ಬಂತು. ಒಂದೇ ಒಂದು, ಉದ್ದಕ್ಕೆ, ಚೂರಿಯ ಹಾಗೆ.

ಮಾವನ ಮಾತು ಅಲ್ಲೇ ನಿಂತಿತು. ಜೀವಮಾನದ ಅಭ್ಯಾಸ, ನಿಲ್ಲದೆ ಹೇಗೆ? ಅವರ ಕೈ ಮತ್ತೆ ಕಂಬಿ ಹುಡುಕಿತು. ಹುಡುಗಿ ಎದ್ದು ನಿಂತಿದ್ದಳು, ತುಟಿ ಇನ್ನೂ ಚೂಪಾಗಿಯೇ ಇತ್ತು. ಮಾವ ಅವಳನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಗಾಜಿನಾಚೆಯ ಮೈಕನ್ನು ನೋಡಿದರು. ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು.

"ಇಲ್ಲ ಪುಟ್ಟಿ. ಈ ಸಲ ನಿಲ್ಸಲ್ಲ," ಎಂದು ವಿಮೆಯಮ್ಮನ ಕಡೆ ತಿರುಗಿದರು. "ಮೇಡಂ, ಆವತ್ತು ಅಲ್ಲಿ ಕೂತಿದ್ದು..."

"ಮಾವ, ಬೇಡ! ಹೆಸರು ಹೇಳ್ಬೇಡ!"

ಕೋಣೆ ಸ್ತಬ್ಧವಾಯಿತು. ಕಿವಿ ಇಷ್ಟು ದಿನ ಯಾರನ್ನು ಎಷ್ಟೇ ಬೇಡಿಕೊಂಡರೂ ಸಿಗದಂಥ ಶುದ್ಧ ಮೌನ.

ಮೊದಲು ಅಲುಗಿದವರು ಮಾವ. "ಅಯ್ಯೋ, ಗಂಟಲು! ಗಂಟಲು ಕಣೇ! ಹೊಲಿಗೆ ಕಿತ್ತುಹೋಗುತ್ತೆ!" ಎಂದು ಮಂಡಿಯನ್ನೂ ಮರೆತು ಓಡಿ, ಚೆಲ್ಲಿದ್ದನ್ನು ಮತ್ತೆ ಒಳಗೆ ತುಂಬಿಸುವವರಂತೆ ಎರಡೂ ಕೈಯಿಂದ ಅವಳ ಸ್ಕಾರ್ಫು ಒತ್ತಿ ಹಿಡಿದರು.

ಕಿವಿ ಅಲುಗಲಿಲ್ಲ. ತಿಂಗಳುಗಟ್ಟಲೆ ಆ ದನಿಯನ್ನು ಉಸಿರು ಉಸಿರಾಗಿ ಕೇಳಿದ್ದವನು ಅವನು. ಬಾಯಿ ಅರೆ ತೆರೆದು, ತಾನು ಕೇಳಿದ್ದನ್ನು ತನ್ನ ಕಿವಿಯಿಂದಲೇ ಮುಚ್ಚಿಡಲು ನೋಡುತ್ತಿರುವವನಂತೆ ನಿಂತಿದ್ದ.

ವಿಮೆಯಮ್ಮನಿಗೆ ಶ್ರುತಿ ಗೊತ್ತಾಗುತ್ತಿರಲಿಲ್ಲ. ಆದರೆ ಗೀರು ಗೊತ್ತಾಗುತ್ತಿತ್ತು, ಬಿರುಕು ಗೊತ್ತಾಗುತ್ತಿತ್ತು, ಸುಟ್ಟ ಮರಕ್ಕೂ ಸುಡದ ಮರಕ್ಕೂ ಬಡಿದರೆ ಬರುವ ಸದ್ದಿನ ವ್ಯತ್ಯಾಸ ಗೊತ್ತಾಗುತ್ತಿತ್ತು. ಒಂದು ವಾರದ ಹಿಂದೆ ಕತ್ತಿ ಆಡಿದ ಗಂಟಲಂತೆ. ಆ ಕೂಗಿನಲ್ಲಿ ಒರಟಿಲ್ಲ, ಒಡಕಿಲ್ಲ. ಆಗಷ್ಟೇ ತೊಳೆದಿಟ್ಟ ಗಾಜಿನ ಲೋಟದಂತಿತ್ತು.

ಅವರಿಗೆ ಬಟ್ಟೆ ವ್ಯಾಪಾರಿಯ ಹುಬ್ಬುಗಳು ನೆನಪಾದವು.

ಈ ಗಂಟಲು ನಾಳೆ ಸಂಜೆಯೊಳಗೆ ಎಲ್ಲ ಹಾಡುಗಳನ್ನೂ ಮತ್ತೆ ಹಾಡಬಲ್ಲದು. ಹಾಡುವಂತಿಲ್ಲ ಎಂದು ಇವಳನ್ನು ಮೂಲೆಯಲ್ಲಿ ಕೂರಿಸಿದವರು ಯಾರು? ಇವಳು ಕೂತದ್ದೇಕೆ?

ಆಗಲೇ ಇನ್ನೊಂದು ಸಂಗತಿ ಅವರ ಗಮನಕ್ಕೆ ಬಂತು. ತೆರೆದ ಬಾಗಿಲಿನಾಚೆ, ಬೆಳಗ್ಗಿನಿಂದ ಒಂದು ಕ್ಷಣವೂ ಬಿಡುವು ಕೊಡದೆ ಓಡಾಡುತ್ತಿದ್ದ ಹೆಜ್ಜೆಗಳು ನಿಂತಿದ್ದವು. ಫೋನಿನಲ್ಲಿ ಆಲ್ಬಮ್ ಕಂಪನಿಯವರು "ಹಲೋ? ಹಲೋ?" ಎನ್ನುತ್ತಿದ್ದುದು ಇಲ್ಲಿಗೂ ಕೇಳಿಸುತ್ತಿತ್ತು. ಮೇಷ್ಟ್ರು ಉತ್ತರಿಸುತ್ತಿರಲಿಲ್ಲ.

ವಿಮೆಯಮ್ಮ ಬಾಗಿಲ ಕಡೆ ನೋಡಲಿಲ್ಲ. ಹುಡುಗಿಯ ಎದುರು ತಮ್ಮ ಕುರ್ಚಿ ಎಳೆದುಕೊಂಡು ಕೂತು, ಮಾವನ ಕೈಗಳನ್ನು ಮೆಲ್ಲಗೆ ಬಿಡಿಸಿ, ಸ್ಕಾರ್ಫಿನ ಗಂಟಿಗೆ ಬೆರಳಿಟ್ಟರು.

"ಇದರ ಒಳಗೆ ಗಾಯ ಇದೆಯಾ ಮಗಳೇ? ಇದ್ರೆ ಎರಡು, ಇಲ್ದಿದ್ರೆ ಒಂದು."

ಸಿಳ್ಳೆ ತುಟಿ ಚೂಪು ಮಾಡಿದಳು. ಊದಿದಳು. ಅವಳ ಕಣ್ಣು ಬಾಗಿಲಾಚೆ ನಿಂತ ಮೇಷ್ಟ್ರ ಮೇಲಿತ್ತು. ಒಂದೂ ಅಲ್ಲ, ಎರಡೂ ಅಲ್ಲ, ಬರೀ ಗಾಳಿ ಬಂತು.